ಚಿತ್ರಹಿಂಸೆಗೆ ಕಾನೂನಿನ ಮೊಹರು ಬೀಳುವ ಬಗೆ

ಅಮೆರಿಕದ ನ್ಯಾಯ ಇಲಾಖೆಯ ಕಾನೂನು ಸಲಹಾ ಕಚೇರಿಯು 2002ರ ಆಗಸ್ಟ್ 1ರಂದು ಸಿಐಎಗೆ ಹದಿನೆಂಟು ಪುಟಗಳ ಟಿಪ್ಪಣಿಯೊಂದನ್ನು ಬರೆದುಕೊಟ್ಟಿತು. ಸುಮಾರು ಏಳು ವರ್ಷ ಗುಟ್ಟಾಗಿದ್ದ ಆ ಟಿಪ್ಪಣಿ 2009ರ ಏಪ್ರಿಲ್‌ನಲ್ಲಿ ಬಹಿರಂಗವಾಯಿತು. ಅಲ್ ಖೈದಾದವನೆಂಬ ಶಂಕೆಯ ಮೇಲೆ ಪಾಕಿಸ್ತಾನದಲ್ಲಿ ಸೆರೆಸಿಕ್ಕಿದ್ದ ಅಬು ಜುಬೈದಾ ಎಂಬಾತನ ಮೇಲೆ ಹತ್ತು ಬಗೆಯ ವಿಚಾರಣಾ ವಿಧಾನಗಳನ್ನು ಪ್ರಯೋಗಿಸಬಹುದೇ ಎಂದು ಸಿಐಎ ಕೇಳಿತ್ತು. ಪ್ರಯೋಗಿಸಬಹುದು ಎಂಬುದು ಟಿಪ್ಪಣಿಯ ಉತ್ತರ. ಅದನ್ನು ಓದುವಾಗ ನನ್ನನ್ನು ಕಲಕಿದ್ದು ಅದರ ಕ್ರೌರ್ಯಕ್ಕಿಂತ ಹೆಚ್ಚಾಗಿ ಅದರ ಅಳತೆಗಳು. ಕೈದಿಯನ್ನು ಮಲಗಿಸಿ ಮುಖದ ಮೇಲೆ ನೀರು ಸುರಿಯುವ ವಿಧಾನಕ್ಕೆ ಬೇಕಾದ ಹಲಗೆ ಸುಮಾರು ನಾಲ್ಕು ಅಡಿ ಅಗಲ, ಏಳು ಅಡಿ ಉದ್ದವಿರಬೇಕು ಮತ್ತು ಇಳಿಜಾರಾಗಿರಬೇಕು. ಕೈದಿಯ ಹಣೆ ಮತ್ತು ಕಣ್ಣುಗಳ ಮೇಲೆ ಬಟ್ಟೆ ಹಾಸಿ, ಆಮೇಲೆ ಅದನ್ನು ಮೂಗು, ಬಾಯಿಗಳ ಮೇಲಕ್ಕೆ ಎಳೆಯಬೇಕು. ಹನ್ನೆರಡರಿಂದ ಇಪ್ಪತ್ತನಾಲ್ಕು ಅಂಗುಲ ಎತ್ತರದಿಂದ ಅದರ ಮೇಲೆ ನೀರು ಸುರಿಯಬೇಕು. ಇಪ್ಪತ್ತರಿಂದ ನಲವತ್ತು ಸೆಕೆಂಡುಗಳಾದ ನಂತರ ಬಟ್ಟೆ ತೆಗೆದು, ಮೂರು ನಾಲ್ಕು ಬಾರಿ ಪೂರ್ತಿ ಉಸಿರೆಳೆಯಲು ಬಿಟ್ಟು, ಮತ್ತೆ ಮೊದಲಿನಿಂದ ಆರಂಭಿಸಬಹುದು. ಆ ಒಂದೇ ಆಗಸ್ಟ್ ತಿಂಗಳಲ್ಲಿ ಆತನ ಮೇಲೆ ಈ ವಿಧಾನವನ್ನು ಕನಿಷ್ಠ 83 ಬಾರಿ ಪ್ರಯೋಗಿಸಲಾಯಿತು.

ಟಿಪ್ಪಣಿಯ ತರ್ಕವನ್ನು ನಿಧಾನವಾಗಿ ಬಿಡಿಸಿ ನೋಡಬೇಕು, ಏಕೆಂದರೆ ನಾನು ಹೇಳಬೇಕೆಂದಿರುವ ಮಾತೆಲ್ಲ ಅದರಲ್ಲಿಯೇ ಇದೆ. ಅಮೆರಿಕದ ದಂಡಸಂಹಿತೆಯ ಪ್ರಕಾರ ತೀವ್ರವಾದ ದೈಹಿಕ ಅಥವಾ ಮಾನಸಿಕ ಯಾತನೆ ಕೊಡುವುದು ಚಿತ್ರಹಿಂಸೆ. ಮಾನಸಿಕ ಯಾತನೆ ಎನ್ನಬೇಕಾದರೆ ದೀರ್ಘಕಾಲ ಉಳಿಯುವ ಮಾನಸಿಕ ಹಾನಿ ಆಗಿರಬೇಕು, ಮತ್ತು ಆ ಹಾನಿಯು ಕಾನೂನು ಹೆಸರಿಸಿದ ನಾಲ್ಕು ಕಾರಣಗಳಲ್ಲಿ ಒಂದರಿಂದ ಉಂಟಾಗಿರಬೇಕು. ಆ ನಾಲ್ಕರಲ್ಲಿ ತಕ್ಷಣದ ಸಾವಿನ ಬೆದರಿಕೆಯೂ ಒಂದು. ಮುಖದ ಮೇಲೆ ಹೀಗೆ ನೀರು ಸುರಿದಾಗ ಕೈದಿಗೆ ತಾನು ಮುಳುಗಿ ಸಾಯುತ್ತಿದ್ದೇನೆ ಎನಿಸುತ್ತದೆ ಎಂಬುದನ್ನೂ, ಆದ್ದರಿಂದ ಇದು ತಕ್ಷಣದ ಸಾವಿನ ಬೆದರಿಕೆಯೇ ಎಂಬುದನ್ನೂ ಟಿಪ್ಪಣಿ ಸ್ಪಷ್ಟವಾಗಿ ಒಪ್ಪಿಕೊಳ್ಳುತ್ತದೆ. ಒಪ್ಪಿಕೊಂಡ ಮೇಲೆ ಹೀಗೆ ವಾದಿಸುತ್ತದೆ: ನಮ್ಮದೇ ಸೈನಿಕರಿಗೆ ತರಬೇತಿಯ ವೇಳೆ ಇದನ್ನು ಮಾಡಲಾಗಿದೆ, ಅವರಲ್ಲಿ ದೀರ್ಘಕಾಲದ ಹಾನಿ ಕಂಡುಬಂದಿಲ್ಲ, ಹಾನಿ ಇಲ್ಲದ ಮೇಲೆ ತೀವ್ರ ಮಾನಸಿಕ ಯಾತನೆಯಿಲ್ಲ, ಅದಿಲ್ಲದ ಮೇಲೆ ಇದು ಚಿತ್ರಹಿಂಸೆಯಲ್ಲ. ಬೇಕೆಂದಾಗ ನಿಲ್ಲಿಸಬಹುದೆಂದು ತಿಳಿದೇ, ತನ್ನ ಸಹೋದ್ಯೋಗಿಗಳ ನಡುವೆ ಹಲಗೆಯ ಮೇಲೆ ಮಲಗುವ ಸೈನಿಕನೂ, ಯಾವ ದೇಶದಲ್ಲಿದ್ದೇನೆಂದೇ ತಿಳಿಯದ ಕೈದಿಯೂ ಈ ವಾದದಲ್ಲಿ ಒಬ್ಬರೇ ಆಗಿಬಿಡುತ್ತಾರೆ. ಎರಡನೆಯ ಮಹಾಯುದ್ಧದ ನಂತರ ಟೋಕಿಯೋದಲ್ಲಿ ನಡೆದ ಯುದ್ಧಾಪರಾಧಗಳ ವಿಚಾರಣೆಯಲ್ಲಿ ಜಪಾನಿ ಸೇನೆಯ ಜಲಹಿಂಸೆಯನ್ನು ಚಿತ್ರಹಿಂಸೆಯೆಂದೇ ದಾಖಲಿಸಲಾಗಿತ್ತು. ಬಂಧಿತರಿಂದ ತಪ್ಪೊಪ್ಪಿಗೆ ಪಡೆಯಲು ಇದೇ ರೀತಿ ನೀರು ಸುರಿದಿದ್ದ ಟೆಕ್ಸಾಸ್‌ನ ಒಬ್ಬ ಶೆರಿಫ್ ಮತ್ತು ಆತನ ಕೈಕೆಳಗಿನವರಿಗೆ 1983ರಲ್ಲಿ ಅಮೆರಿಕದ ಕೋರ್ಟೇ ಜೈಲುಶಿಕ್ಷೆ ವಿಧಿಸಿತ್ತು. ಟಿಪ್ಪಣಿಯಲ್ಲಿ ಆ ಪ್ರಕರಣದ ಉಲ್ಲೇಖವೇ ಇಲ್ಲ.

ಈ ಕಾಲದಲ್ಲಿ ಚಿತ್ರಹಿಂಸೆ ನಮ್ಮ ಹಕ್ಕು ಎಂದು ಬಹಿರಂಗವಾಗಿ ಹೇಳುವ ಸರ್ಕಾರ ಸಿಗುವುದು ಅಪರೂಪ. ಹಾಗೆ ಹೇಳಲು ಅಂತರರಾಷ್ಟ್ರೀಯ ಕಾನೂನು ಎಡೆಯನ್ನೇ ಬಿಟ್ಟಿಲ್ಲ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಐದನೆಯ ವಿಧಿಯಿಂದ ಹಿಡಿದು, ತುರ್ತುಪರಿಸ್ಥಿತಿಯಲ್ಲಿಯೂ ಅಮಾನತುಗೊಳಿಸಲಾಗದ ಹಕ್ಕುಗಳ ಸಾಲಿಗೆ ಇದನ್ನು ಸೇರಿಸಿದ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯವರೆಗೆ ಎಲ್ಲವೂ ಒಂದೇ ಮಾತನ್ನು ಹೇಳುತ್ತವೆ. 1984ರಲ್ಲಿ ಅಂಗೀಕಾರವಾಗಿ 1987ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದವಂತೂ ಯುದ್ಧವಾಗಲಿ, ಯುದ್ಧದ ಭೀತಿಯಾಗಲಿ, ಆಂತರಿಕ ರಾಜಕೀಯ ಅಸ್ಥಿರತೆಯಾಗಲಿ ಚಿತ್ರಹಿಂಸೆಗೆ ಸಮರ್ಥನೆಯಾಗಲಾರದು, ಮೇಲಧಿಕಾರಿಯ ಆದೇಶವೂ ಆಗಲಾರದು ಎಂದು ತನ್ನ ಎರಡನೆಯ ವಿಧಿಯಲ್ಲಿಯೇ ಬಿಡಿಸಿ ಹೇಳಿದೆ. ಹೀಗೆ ಮುಂಬಾಗಿಲು ಪೂರ್ತಿ ಮುಚ್ಚಿರುವುದರಿಂದ, ಒಳನುಗ್ಗಬೇಕೆನ್ನುವ ಸರ್ಕಾರಗಳಿಗೆ ಬೇರೆ ಪ್ರಶ್ನೆಗಳು ಬೇಕಾಗುತ್ತವೆ: ನಾವು ಮಾಡುತ್ತಿರುವುದು ಚಿತ್ರಹಿಂಸೆಯೇ? ಈ ವ್ಯಕ್ತಿಗೆ ಆ ರಕ್ಷಣೆ ಅನ್ವಯಿಸುತ್ತದೆಯೇ? ಈ ಜಾಗಕ್ಕೆ ನಮ್ಮ ಸಂವಿಧಾನ ತಲುಪುತ್ತದೆಯೇ? ಮಾಡಿದವನನ್ನು ಶಿಕ್ಷಿಸಲು ಯಾರ ಅನುಮತಿ ಬೇಕು? ಉತ್ತರಗಳನ್ನು ಬರೆಯುವವರು ನುರಿತ ವಕೀಲರು. ಅವರು ಮನವೊಲಿಸಬೇಕಾದದ್ದು ನ್ಯಾಯಾಧೀಶನನ್ನಲ್ಲ. ನಾಳೆ ಬೆಳಿಗ್ಗೆ ಆ ಕೊಠಡಿಗೆ ಹೋಗಿ ನೀರು ಸುರಿಯಬೇಕಾದ ಅಧಿಕಾರಿಗೆ ಧೈರ್ಯ ಕೊಡುವುದು, ಮುಂದೆಂದೋ ಆತನ ಮೇಲೆ ಮೊಕದ್ದಮೆ ಹೂಡಬಹುದಾದವರ ಕೈಯನ್ನು ಇಂದೇ ಕಟ್ಟಿಹಾಕುವುದು ಆ ಬರವಣಿಗೆಯ ಉದ್ದೇಶ ಎಂದು ನಾನು ನಂಬಿದ್ದೇನೆ.

ವ್ಯಾಖ್ಯೆಯನ್ನು ಕಿರಿದುಗೊಳಿಸುವ ಕೆಲಸ 2002ರಲ್ಲಿ ಆರಂಭವಾದದ್ದಲ್ಲ. ಅಮೆರಿಕ 1994ರಲ್ಲಿ ಒಪ್ಪಂದವನ್ನು ಸ್ಥಿರೀಕರಿಸಿದಾಗಲೇ, ಅಂದರೆ ಅದಕ್ಕೆ ತಾನು ಬದ್ಧ ಎಂದು ವಿಧಿವತ್ತಾಗಿ ಒಪ್ಪಿದಾಗಲೇ, ಕೆಲವು ಷರತ್ತುಗಳನ್ನು ಸೇರಿಸಿತ್ತು. ಯಾತನೆ ಕೊಡಬೇಕೆಂಬ ನಿರ್ದಿಷ್ಟ ಉದ್ದೇಶ ಇದ್ದರೆ ಮಾತ್ರ ಅದು ಚಿತ್ರಹಿಂಸೆ, ದೀರ್ಘಕಾಲದ ಹಾನಿ ಆದರೆ ಮಾತ್ರ ಅದು ಮಾನಸಿಕ ಯಾತನೆ ಎಂಬ ಮಾತುಗಳು ಬಂದದ್ದು ಆ ಷರತ್ತುಗಳಿಂದ. ಅವು ಆಗ ಯಾರ ಗಮನವನ್ನೂ ಹೆಚ್ಚು ಸೆಳೆಯಲಿಲ್ಲ. ಎಂಟು ವರ್ಷಗಳ ನಂತರ ಅವುಗಳ ಮೇಲೆಯೇ ಪೂರ್ತಿ ಕಟ್ಟಡ ಎದ್ದಿತು. ಅದೇ ಆಗಸ್ಟ್ 1ರಂದು ಅದೇ ಕಚೇರಿಯಿಂದ ಹೊರಟ, ಕಚೇರಿಯ ಮುಖ್ಯಸ್ಥ ಜೇ ಬೈಬಿ ಸಹಿ ಮಾಡಿದ ಇನ್ನೊಂದು ಟಿಪ್ಪಣಿಯು, ದೈಹಿಕ ನೋವು ಚಿತ್ರಹಿಂಸೆಯ ಮಟ್ಟ ಮುಟ್ಟಬೇಕಾದರೆ ಅಂಗಾಂಗ ವೈಫಲ್ಯ, ದೇಹದ ಕ್ರಿಯೆಯೊಂದರ ನಾಶ ಅಥವಾ ಸಾವಿನ ಜೊತೆಗೆ ಬರುವಂಥ ನೋವಿಗೆ ಸಮನಾಗಿರಬೇಕು ಎಂದಿತು. ಈ ಅಳತೆಗೋಲು ಯಾವ ಮಾನವ ಹಕ್ಕು ತೀರ್ಪಿನಿಂದಲೂ ಬಂದದ್ದಲ್ಲ. ತುರ್ತು ಚಿಕಿತ್ಸೆಯ ವೆಚ್ಚವನ್ನು ಯಾವಾಗ ಭರಿಸಬೇಕು ಎಂದು ನಿರ್ಧರಿಸುವ ಆರೋಗ್ಯ ಸೌಲಭ್ಯದ ಕಾನೂನಿನಲ್ಲಿ ತೀವ್ರ ನೋವು ಎಂಬ ಪದ ಬಳಕೆಯಾಗಿತ್ತು. ಅಲ್ಲಿಂದ ಅದನ್ನು ಕಿತ್ತುತಂದು ಇಲ್ಲಿ ನೆಡಲಾಯಿತು. ರೋಗಿಯನ್ನು ಆಸ್ಪತ್ರೆಗೆ ಸೇರಿಸಲು ನೆರವಾಗಬೇಕೆಂದು ಬರೆದ ಸಾಲು, ಮನುಷ್ಯನನ್ನು ಎಷ್ಟರವರೆಗೆ ನೋಯಿಸಬಹುದು ಎಂಬುದಕ್ಕೆ ಗಡಿಯಾಯಿತು.

ಆ ಟಿಪ್ಪಣಿ ಆಧಾರವಾಗಿ ಹಿಡಿದ ವಿದೇಶಿ ತೀರ್ಪುಗಳು ಎರಡು. ಅವುಗಳಲ್ಲಿ ಮೊದಲನೆಯದು ಉತ್ತರ ಐರ್ಲೆಂಡಿನದು. 1971ರ ಆಗಸ್ಟ್‌ನಿಂದ ವಿಚಾರಣೆಯಿಲ್ಲದೆ ನೂರಾರು ಜನರನ್ನು ಬಂಧಿಸಿದ ಬ್ರಿಟಿಷ್ ಆಡಳಿತ, ಅವರಲ್ಲಿ ಹದಿನಾಲ್ಕು ಮಂದಿಯನ್ನು ಪ್ರತ್ಯೇಕಿಸಿ ಐದು ತಂತ್ರಗಳಿಗೆ ಒಳಪಡಿಸಿತು: ಬೆರಳ ತುದಿಯ ಮೇಲೆ ಭಾರ ಹಾಕಿ ಗೋಡೆಗೆ ಒರಗಿಸಿ ಗಂಟೆಗಟ್ಟಲೆ ನಿಲ್ಲಿಸುವುದು, ತಲೆಗೆ ಮುಸುಕು ಹಾಕುವುದು, ನಿರಂತರ ಕರ್ಕಶ ಸದ್ದು ಕೇಳಿಸುವುದು, ನಿದ್ದೆಗೆಡಿಸುವುದು, ಅನ್ನನೀರು ಕಡಿತಗೊಳಿಸುವುದು. ಐರ್ಲೆಂಡ್ ದೂರು ಕೊಟ್ಟಾಗ, ಯುರೋಪಿನ ಮಾನವ ಹಕ್ಕುಗಳ ಆಯೋಗ 1976ರಲ್ಲಿ ಇದು ಚಿತ್ರಹಿಂಸೆಯೇ ಎಂದಿತು. ಆದರೆ 1978ರ ಜನವರಿಯಲ್ಲಿ ತೀರ್ಪು ಕೊಟ್ಟ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಇದು ಅಮಾನವೀಯ ಮತ್ತು ಅವಮಾನಕರ ನಡವಳಿಕೆ ಹೌದು, ಚಿತ್ರಹಿಂಸೆ ಎನ್ನುವಷ್ಟು ತೀವ್ರವಲ್ಲ ಎಂದಿತು. ಎರಡೂ ಸಮನಾಗಿ ನಿಷಿದ್ಧವಾಗಿರುವುದರಿಂದ ಆ ಪ್ರಕರಣದ ಮಟ್ಟಿಗೆ ಈ ವ್ಯತ್ಯಾಸದಿಂದ ಬ್ರಿಟನ್ನಿಗೆ ಖುಲಾಸೆಯೇನೂ ಸಿಗಲಿಲ್ಲ. ಆದರೆ ಎರಡರ ನಡುವೆ ನ್ಯಾಯಾಲಯ ಎಳೆದ ಗೆರೆ ದಾಖಲೆಯಲ್ಲಿ ಉಳಿಯಿತು. ನಿಷೇಧಿಸಿದ ತೀರ್ಪೊಂದು ಎರಡೂವರೆ ದಶಕದ ನಂತರ ಅನುಮತಿಯ ಪುರಾವೆಯಾಗಿ ಉದ್ಧರಣೆಗೊಂಡಿತು. ಅದನ್ನು ಬರೆದ ನ್ಯಾಯಮೂರ್ತಿಗಳು ಇದನ್ನು ಊಹಿಸಿರಲಾರರು. ಅಂಥ ನಡವಳಿಕೆಯನ್ನು ಇಂದಾದರೆ ಚಿತ್ರಹಿಂಸೆ ಎಂದೇ ಪರಿಗಣಿಸುವ ಸಾಧ್ಯತೆಯಿದೆ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಅಷ್ಟರಲ್ಲಿ ಐವತ್ತು ವರ್ಷಗಳೇ ಕಳೆದಿದ್ದವು.

ಎರಡನೆಯದು ಇಸ್ರೇಲಿನದು. ಅಲ್ಲಿ ಸಮರ್ಥನೆ ವ್ಯಾಖ್ಯೆಯಿಂದಷ್ಟೇ ಬರಲಿಲ್ಲ, ಅನಿವಾರ್ಯತೆಯ ತತ್ವದಿಂದ ಬಂತು. 1987ರಲ್ಲಿ ಸುಪ್ರೀಂ ಕೋರ್ಟಿನ ಮಾಜಿ ಮುಖ್ಯಸ್ಥ ಮೋಶೆ ಲಂಡಾವು ನೇತೃತ್ವದ ಆಯೋಗ, ಭದ್ರತಾ ಸೇವೆಯವರು ವಿಚಾರಣೆಯಲ್ಲಿ ಬಲಪ್ರಯೋಗ ಮಾಡಿ, ಆಮೇಲೆ ನ್ಯಾಯಾಲಯಗಳಲ್ಲಿ ವರ್ಷಗಳ ಕಾಲ ಸುಳ್ಳುಸಾಕ್ಷ್ಯ ನುಡಿದಿದ್ದಾರೆ ಎಂಬುದನ್ನು ಪತ್ತೆಹಚ್ಚಿತು. ಅದು ಸೂಚಿಸಿದ ಪರಿಹಾರವೆಂದರೆ ಮಿತವಾದ ದೈಹಿಕ ಒತ್ತಡಕ್ಕೆ ಅವಕಾಶ ಕೊಡುವುದು, ಅದರ ಮಿತಿಗಳನ್ನು ವರದಿಯ ರಹಸ್ಯ ಭಾಗದಲ್ಲಿ ಬರೆದಿಡುವುದು. ದೊಡ್ಡ ಹಾನಿಯನ್ನು ತಪ್ಪಿಸಲು ಸಣ್ಣ ಅಪರಾಧ ಮಾಡಿದವನಿಗೆ ದಂಡಸಂಹಿತೆ ಕೊಡುವ ರಕ್ಷಣೆಯೇ ಅದಕ್ಕೆ ಕಾನೂನಿನ ಆಧಾರವಾಯಿತು. ಸುಳ್ಳು ಹೇಳುವುದು ನಿಲ್ಲಬೇಕು ಎಂಬ ಪ್ರಾಮಾಣಿಕ ಕಾಳಜಿ, ಹಿಂಸೆಯನ್ನು ನಿಲ್ಲಿಸುವುದರ ಬದಲು ಅದನ್ನು ಸಕ್ರಮಗೊಳಿಸುವುದರಲ್ಲಿ ಕೊನೆಗೊಂಡಿತು. 1995ರಲ್ಲಿ ಬಂಧಿತನೊಬ್ಬ ಬಲವಾಗಿ ಅಲುಗಾಡಿಸಿದ್ದರಿಂದಲೇ ಸತ್ತ. 1999ರ ಸೆಪ್ಟೆಂಬರ್‌ನಲ್ಲಿ ಅಹರೋನ್ ಬರಾಕ್ ಅಧ್ಯಕ್ಷತೆಯ ಪೀಠ ಅಲುಗಾಡಿಸುವುದು, ಪುಟ್ಟ ಪೀಠದ ಮೇಲೆ ಕೈಕಟ್ಟಿ ಮುಸುಕು ಹಾಕಿ ಕೂರಿಸುವುದು ಮೊದಲಾದ ವಿಧಾನಗಳನ್ನು ಕಾನೂನುಬಾಹಿರವೆಂದು ಸಾರಿತು. ಅದು ನಿಜಕ್ಕೂ ದಿಟ್ಟ ತೀರ್ಪು. ಆದರೂ ಅನಿವಾರ್ಯತೆಯ ಆಧಾರದ ಮೇಲೆ ಮುಂಚಿತವಾಗಿ ಅನುಮತಿ ಕೊಡುವಂತಿಲ್ಲ ಎಂದ ಪೀಠ, ಮಾಡಿಯಾದ ಮೇಲೆ ಆರೋಪಿ ಅಧಿಕಾರಿ ಅದೇ ವಾದವನ್ನು ಮುಂದಿಡಬಹುದು ಎಂದೂ ಹೇಳಿತು. ಮೇಲ್ನೋಟಕ್ಕೆ ಸಣ್ಣದೆನಿಸುವ ಈ ಕಂಡಿ ಮುಚ್ಚಲೇ ಇಲ್ಲ.

ಟಿಕ್ ಟಿಕ್ ಎನ್ನುತ್ತಿರುವ ಬಾಂಬಿನ ವಾದ ಕೂಡ ಇದೇ ಕಂಡಿಯಿಂದ ಒಳಬರುತ್ತದೆ. ಬಾಂಬ್ ಎಲ್ಲಿದೆ ಎಂದು ಗೊತ್ತಿರುವವನು ನಮ್ಮ ಕೈಯಲ್ಲಿದ್ದಾನೆ, ಸಾವಿರಾರು ಜನ ಸಾಯಲಿದ್ದಾರೆ, ಆಗಲೂ ಸುಮ್ಮನಿರುತ್ತೀರಾ ಎಂಬ ಪ್ರಶ್ನೆಯನ್ನು ನನಗೂ ಹಲವರು ಕೇಳಿದ್ದಾರೆ. ಈ ಕಥೆಯಲ್ಲಿ ಹಿಡಿದವನೇ ಅಪರಾಧಿ ಎಂಬುದು ಖಚಿತ, ಅವನಿಗೆ ಉತ್ತರ ಗೊತ್ತಿರುವುದು ಖಚಿತ, ಹೊಡೆದರೆ ನಿಜವನ್ನೇ ಹೇಳುತ್ತಾನೆ ಎಂಬುದು ಖಚಿತ, ಹೊತ್ತು ಎಷ್ಟು ಉಳಿದಿದೆ ಎಂಬುದೂ ಖಚಿತ. ವಿಚಾರಣಾ ಕೊಠಡಿಯಲ್ಲಿ ಇಂಥ ಖಚಿತತೆ ಯಾರಿಗೂ ಇರುವುದಿಲ್ಲ. ಸಿಐಎ ಕಾರ್ಯಕ್ರಮವನ್ನು ಪರಿಶೀಲಿಸಿ 2014ರ ಡಿಸೆಂಬರ್‌ನಲ್ಲಿ ಸಾರಾಂಶ ಪ್ರಕಟಿಸಿದ ಅಮೆರಿಕದ ಸೆನೆಟ್ ಸಮಿತಿ, ಸಂಸ್ಥೆಯ ವಶದಲ್ಲಿದ್ದ 119 ಮಂದಿಯಲ್ಲಿ ಕನಿಷ್ಠ 26 ಜನರನ್ನು ಸಂಸ್ಥೆಯದೇ ಮಾನದಂಡಗಳಿಗೆ ವಿರುದ್ಧವಾಗಿ ಹಿಡಿದಿಡಲಾಗಿತ್ತು ಎಂದು ಕಂಡುಕೊಂಡಿತು. ಕಥೆಗೆ ತೀರ ಹತ್ತಿರವಾದ ನಿಜ ಪ್ರಕರಣವೊಂದು ಜರ್ಮನಿಯಲ್ಲಿ ನಡೆದಿದೆ. 2002ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಬಾಲಕನೊಬ್ಬನನ್ನು ಅಪಹರಿಸಿದ್ದವನು ಸಿಕ್ಕಿಬಿದ್ದಾಗ, ಮಗು ಇನ್ನೂ ಬದುಕಿರಬಹುದೆಂದು ನಂಬಿದ್ದ ಪೊಲೀಸ್ ಉಪಮುಖ್ಯಸ್ಥ ಅವನಿಗೆ ಸಹಿಸಲಾಗದ ನೋವು ಕೊಡುವ ಬೆದರಿಕೆ ಹಾಕಿಸಿದ. ಅವನು ಜಾಗ ಹೇಳಿದ. ಆದರೆ ಮಗುವನ್ನು ಅದಾಗಲೇ ಕೊಲ್ಲಲಾಗಿತ್ತು. ಮೇಲಧಿಕಾರಿ ತಾನು ಮಾಡಿಸಿದ್ದನ್ನು ಕಡತದಲ್ಲಿ ತಾನೇ ದಾಖಲಿಸಿದ, ಆತನ ಮೇಲೆ ಮೊಕದ್ದಮೆ ನಡೆಯಿತು, ಅನಿವಾರ್ಯತೆಯ ವಾದವನ್ನು ಒಪ್ಪದೆ ನ್ಯಾಯಾಲಯ ಆತನನ್ನು ತಪ್ಪಿತಸ್ಥನೆಂದಿತು. ಶಿಕ್ಷೆ ಮಾತ್ರ ಅಮಾನತಿನಲ್ಲಿಟ್ಟ ದಂಡ. ಅದು ತೀರ ಕಡಿಮೆಯಾಯಿತು ಎಂದು ಯುರೋಪಿನ ನ್ಯಾಯಾಲಯ 2010ರಲ್ಲಿ ಟೀಕಿಸಿತು. ಆತನ ಉದ್ದೇಶದ ಬಗ್ಗೆ ಮರುಕ ಪಡುವುದು ಬೇರೆ, ಆತ ಮಾಡಿದ್ದನ್ನು ಕಾನೂನುಬದ್ಧವೆನ್ನುವುದು ಬೇರೆ ಎಂಬುದನ್ನು ಜರ್ಮನಿಯ ನ್ಯಾಯಾಲಯ ಮರೆಯಲಿಲ್ಲ. ಆ ಮಟ್ಟಿಗೆ ನನಗೆ ಅದರ ಮೇಲೆ ಗೌರವವಿದೆ.

ವ್ಯಕ್ತಿಯನ್ನು ಮತ್ತು ಜಾಗವನ್ನು ಕಾನೂನಿನ ಹೊರಗಿಡುವ ದಾರಿ ಇನ್ನಷ್ಟು ಸರಳ. 2002ರ ಫೆಬ್ರುವರಿ 7ರಂದು ಅಧ್ಯಕ್ಷ ಬುಷ್, ಯುದ್ಧಕಾಲದ ಕೈದಿಗಳನ್ನು ಮಾನವೀಯವಾಗಿ ನಡೆಸಿಕೊಳ್ಳಬೇಕೆನ್ನುವ ಜಿನೀವಾ ಒಪ್ಪಂದಗಳ ಸಾಮಾನ್ಯ ಮೂರನೆಯ ವಿಧಿ ಅಲ್ ಖೈದಾ ಮತ್ತು ತಾಲಿಬಾನ್ ಕೈದಿಗಳಿಗೆ ಅನ್ವಯಿಸುವುದಿಲ್ಲ ಎಂದು ನಿರ್ಧರಿಸಿದರು. ಕೈದಿಗಳನ್ನು ಇಟ್ಟ, ಅಮೆರಿಕದ ನೌಕಾನೆಲೆಯಿರುವ ಗ್ವಾಂಟನಾಮೊ ಕ್ಯೂಬಾದ ನೆಲ. ರಹಸ್ಯ ಬಂದೀಖಾನೆಗಳಿದ್ದದ್ದು ಥಾಯ್ಲೆಂಡ್, ಪೋಲೆಂಡ್, ರೊಮೇನಿಯಾ, ಲಿಥುವೇನಿಯಾದಂಥ ದೇಶಗಳಲ್ಲಿ. ಕ್ರೂರ ಮತ್ತು ಅಮಾನವೀಯ ನಡವಳಿಕೆಯನ್ನು ನಿಷೇಧಿಸುವ, ಚಿತ್ರಹಿಂಸೆ ವಿರೋಧಿ ಒಪ್ಪಂದದ ಹದಿನಾರನೆಯ ವಿಧಿ ಅಮೆರಿಕದ ಆಡಳಿತವಿಲ್ಲದ ನೆಲಕ್ಕೆ ತಲುಪುವುದೇ ಇಲ್ಲ ಎಂದು ಅದೇ ಕಾನೂನು ಸಲಹಾ ಕಚೇರಿಯ 2005ರ ಮೇ ತಿಂಗಳ ಟಿಪ್ಪಣಿ ವಾದಿಸಿತು. ಇನ್ನು ಕೆಲವರನ್ನು ಬೇರೆ ಸರ್ಕಾರಗಳ ಕೈಗೇ ಒಪ್ಪಿಸಲಾಯಿತು. ಸಿರಿಯಾದಲ್ಲಿ ಹುಟ್ಟಿದ ಕೆನಡಾದ ಪ್ರಜೆ ಮಾಹೆರ್ ಅರಾರ್ ಅವರನ್ನು 2002ರಲ್ಲಿ ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ತಡೆದು ಸಿರಿಯಾಕ್ಕೆ ಸಾಗಿಸಲಾಯಿತು. ಚಿತ್ರಹಿಂಸೆ ಮಾಡುವುದಿಲ್ಲ ಎಂಬ ಭರವಸೆಯನ್ನು ಸಿರಿಯಾ ಕೊಟ್ಟಿತ್ತು ಎಂಬುದು ಅಧಿಕಾರಿಗಳ ಸಮಜಾಯಿಷಿ. ಅಲ್ಲಿ ಅವರಿಗೆ ಚಿತ್ರಹಿಂಸೆಯಾಯಿತು. ಕೆನಡಾ 2007ರಲ್ಲಿ ಕ್ಷಮೆ ಕೇಳಿ 1.05 ಕೋಟಿ ಕೆನಡಾ ಡಾಲರ್ ಪರಿಹಾರ ಕೊಟ್ಟಿತು. ಅಮೆರಿಕದ ನ್ಯಾಯಾಲಯಗಳು ಅವರ ದಾವೆಯನ್ನೇ ಸ್ವೀಕರಿಸಲಿಲ್ಲ.

ಸಂವಿಧಾನದ ರಕ್ಷಣೆಗಳನ್ನು ದಾಟುವ ಬಗೆಯಂತೂ ವಿಚಿತ್ರವಾಗಿದೆ. ಅಮೆರಿಕದ ಸಂವಿಧಾನದ ಎಂಟನೆಯ ತಿದ್ದುಪಡಿ ಕ್ರೂರ ಶಿಕ್ಷೆಯನ್ನು ನಿಷೇಧಿಸುತ್ತದೆ. ಆದರೆ ಶಿಕ್ಷೆ ಎಂದರೆ ಅಪರಾಧ ಸಾಬೀತಾದ ಮೇಲೆ ವಿಧಿಸುವಂಥದ್ದು, ಮಾಹಿತಿಗಾಗಿ ಹೊಡೆದರೆ ಅದು ಶಿಕ್ಷೆಯಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಆಂಟೊನಿನ್ ಸ್ಕಾಲಿಯಾ 2008ರ ಸಂದರ್ಶನಗಳಲ್ಲಿ ಬಹಿರಂಗವಾಗಿಯೇ ಮಂಡಿಸಿದರು. ಐದನೆಯ ತಿದ್ದುಪಡಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತಪಡಿಸಬಾರದು ಎನ್ನುತ್ತದೆ. ಹೇಳಿಕೆಯನ್ನು ಕ್ರಿಮಿನಲ್ ಮೊಕದ್ದಮೆಯಲ್ಲಿ ಬಳಸದಿದ್ದರೆ ಆ ಹಕ್ಕಿಗೆ ಧಕ್ಕೆಯಾಗುವುದಿಲ್ಲ ಎಂಬ ಅಭಿಪ್ರಾಯ 2003ರ ತೀರ್ಪೊಂದರಲ್ಲಿ ಬಂತು. ಉಳಿದದ್ದು ಆತ್ಮಸಾಕ್ಷಿಯನ್ನು ಬೆಚ್ಚಿಬೀಳಿಸುವಂಥ ಸರ್ಕಾರಿ ಕೃತ್ಯವನ್ನು ಸಂವಿಧಾನ ಸಹಿಸದು ಎಂಬ ಮಾನದಂಡ. 1952ರಲ್ಲಿ, ಆರೋಪಿ ನುಂಗಿದ್ದ ಮಾದಕ ಗುಳಿಗೆಗಳಿಗಾಗಿ ಪೊಲೀಸರು ಬಲವಂತವಾಗಿ ಅವನ ಹೊಟ್ಟೆ ತೊಳೆಸಿದ ಪ್ರಕರಣದಲ್ಲಿ ರೂಪುಗೊಂಡ ಮಾನದಂಡವದು. 2005ರ ಮೇ ತಿಂಗಳ ಟಿಪ್ಪಣಿ ಅದನ್ನು ತಲೆಕೆಳಗು ಮಾಡಿತು: ಉದ್ದೇಶ ಭಯೋತ್ಪಾದನೆಯನ್ನು ತಡೆಯುವುದು, ವೈದ್ಯರು ಹತ್ತಿರವೇ ಇರುತ್ತಾರೆ, ಮಿತಿಗಳನ್ನು ಬರೆದಿಟ್ಟಿದ್ದೇವೆ, ಆದ್ದರಿಂದ ಇದರಲ್ಲಿ ಆತ್ಮಸಾಕ್ಷಿ ಬೆಚ್ಚುವಂಥದ್ದೇನೂ ಇಲ್ಲ. ಅದೇ ತಿಂಗಳ ಟಿಪ್ಪಣಿಗಳು 180 ಗಂಟೆಗಳವರೆಗೆ, ಅಂದರೆ ಏಳೂವರೆ ದಿನ, ಕೈದಿಯನ್ನು ನಿದ್ದೆಯಿಲ್ಲದೆ ಇರಿಸಬಹುದೆಂದು ಒಪ್ಪಿದ್ದವು. ವೈದ್ಯರ ಹಾಜರಿ ಯಾತನೆಯನ್ನು ಕಡಿಮೆ ಮಾಡುವುದಕ್ಕಲ್ಲ, ಅದನ್ನು ಮುಂದುವರಿಸಲು ಕಾನೂನಿನ ಆಧಾರ ಒದಗಿಸುವುದಕ್ಕೆ ಎಂಬ ಸತ್ಯ ನನ್ನನ್ನು ಇಂದಿಗೂ ಕಾಡುತ್ತದೆ.

ಭಾರತದ ಪ್ರಕರಣದಲ್ಲಿ ಇಂಥ ಟಿಪ್ಪಣಿಗಳನ್ನು ಹುಡುಕಬೇಕಾಗಿಲ್ಲ. ಕಾನೂನಿನ ಪಠ್ಯದಲ್ಲಿಯೇ ಸಂದುಗಳಿವೆ. ಕಂದಾಯ ವಸೂಲಿಗಾಗಿ ರೈತರನ್ನು ಬಗ್ಗಿಸಿ ಕಟ್ಟಿಹಾಕುತ್ತಿದ್ದ, ಬೆರಳುಗಳನ್ನು ಇಕ್ಕಳದಲ್ಲಿ ಹಿಂಡುತ್ತಿದ್ದ ಪದ್ಧತಿಯನ್ನು ಮದರಾಸು ಪ್ರಾಂತ್ಯದ ಚಿತ್ರಹಿಂಸಾ ಆಯೋಗ 1855ರಲ್ಲಿಯೇ ವಿವರವಾಗಿ ದಾಖಲಿಸಿತ್ತು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಬೆಲೆಯಿಲ್ಲ ಎಂಬ ನಿಯಮ 1872ರ ಸಾಕ್ಷ್ಯ ಅಧಿನಿಯಮದಲ್ಲಿ ನೆಲೆಗೊಂಡದ್ದು ಪೊಲೀಸರ ಮೇಲಿನ ಅದೇ ಅಪನಂಬಿಕೆಯಿಂದ. ಆದರೆ ಅದರ 27ನೆಯ ಕಲಮು, ಆರೋಪಿಯ ಹೇಳಿಕೆಯಿಂದ ವಸ್ತುವೊಂದು ಪತ್ತೆಯಾದರೆ ಹೇಳಿಕೆಯ ಅಷ್ಟು ಭಾಗವನ್ನು ಒಪ್ಪಬಹುದು ಎಂದಿತು. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ಮಾತು ಉಳಿದಿದೆ. ಚಾಕು ಸಿಕ್ಕರೆ ಅದು ಸಿಕ್ಕ ಬಗೆಯನ್ನು ಕೇಳುವವರು ಕಡಿಮೆ. ಏರೋಪ್ಲೇನ್ ಹತ್ತಿಸುವುದು, ಬೆಂಡೆತ್ತುವುದು ಎಂದು ಠಾಣೆಗಳ ಸುತ್ತ ಹಗುರವಾಗಿ ಆಡುವ ಮಾತುಗಳ ಹಿಂದೆ ಈ ಲೆಕ್ಕಾಚಾರವೇ ಇರುತ್ತದೆ. ಭಯೋತ್ಪಾದನೆ ತಡೆಗೆಂದು ಬಂದ 1987ರ ಟಾಡಾ ಕಾಯ್ದೆ ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನೇ ಸಾಕ್ಷ್ಯವಾಗಿಸಿತು. ಸುಪ್ರೀಂ ಕೋರ್ಟ್ 1994ರಲ್ಲಿ ಕರ್ತಾರ್ ಸಿಂಗ್ ಪ್ರಕರಣದಲ್ಲಿ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಮಂಪರು ಪರೀಕ್ಷೆಗಳನ್ನು ಥರ್ಡ್ ಡಿಗ್ರಿಗೆ ವೈಜ್ಞಾನಿಕ ಪರ್ಯಾಯವೆಂದು ಸಮರ್ಥಿಸಿದ ಕಾಲವೂ ಇತ್ತು. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಅವನ್ನು ನಡೆಸುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಹಕ್ಕನ್ನೂ ಜೀವ, ಸ್ವಾತಂತ್ರ್ಯಗಳ ಹಕ್ಕನ್ನೂ ಕಾಯುವ ಸಂವಿಧಾನದ 20(3) ಮತ್ತು 21ನೆಯ ವಿಧಿಗಳಿಗೆ ವಿರುದ್ಧ ಎಂದು 2010ರ ಮೇ 5ರಂದು, ಕರ್ನಾಟಕ ರಾಜ್ಯದ ವಿರುದ್ಧ ಸೆಲ್ವಿ ಎಂಬುವರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ತೀರ್ಮಾನಿಸಿತು.

ಮರುದಿನವೇ, ಅಂದರೆ 2010ರ ಮೇ 6ರಂದು, ಲೋಕಸಭೆ ಚಿತ್ರಹಿಂಸೆ ತಡೆ ಮಸೂದೆಯನ್ನು ಅಂಗೀಕರಿಸಿತು. ಭಾರತ 1997ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕಿದೆ, ಆದರೆ ಸ್ಥಿರೀಕರಿಸಿಲ್ಲ; ಸ್ಥಿರೀಕರಣಕ್ಕೆ ದಾರಿಯಾಗಲಿ ಎಂದೇ ಈ ಮಸೂದೆ ಬಂದಿತ್ತು. ಅದರಲ್ಲಿ ಚಿತ್ರಹಿಂಸೆ ಎನ್ನಿಸಿಕೊಳ್ಳಬೇಕಾದರೆ ತೀವ್ರ ಗಾಯವಾಗಿರಬೇಕು, ಇಲ್ಲವೇ ಪ್ರಾಣ, ಅಂಗ ಅಥವಾ ಆರೋಗ್ಯಕ್ಕೆ ಅಪಾಯವಾಗಿರಬೇಕು. ಆಗಿನ ದಂಡಸಂಹಿತೆಯಲ್ಲಿ ತೀವ್ರ ಗಾಯವೆಂದರೆ ಕಣ್ಣು ಹೋಗುವುದು, ಕಿವಿ ಹೋಗುವುದು, ಮೂಳೆ ಮುರಿಯುವುದು, ಇಪ್ಪತ್ತು ದಿನ ತೀವ್ರ ನೋವಿನಿಂದ ಬಳಲುವುದು ಇತ್ಯಾದಿ. ಅಮೆರಿಕದ ಟಿಪ್ಪಣಿಯ ಅಂಗಾಂಗ ವೈಫಲ್ಯವೂ ಈ ಮಸೂದೆಯ ತೀವ್ರ ಗಾಯವೂ ಒಂದೇ ಮನೋಧರ್ಮದಿಂದ ಹುಟ್ಟಿದವು: ಎರಡೂ ನೋವನ್ನು ದೇಹದ ಮೇಲೆ ಉಳಿಯುವ ಗುರುತಿನಿಂದ ಅಳೆಯುತ್ತವೆ. ಗುರುತು ಉಳಿಯದಂತೆ ನೋಯಿಸುವುದನ್ನು ಕಲಿತವರ ಮುಂದೆ ಇಂಥ ವ್ಯಾಖ್ಯೆ ಎಷ್ಟು ದಿನ ನಿಲ್ಲಬಲ್ಲದು? ಅಷ್ಟೇ ಅಲ್ಲದೆ, ದೂರನ್ನು ಆರು ತಿಂಗಳೊಳಗೆ ಕೊಡಬೇಕು, ಮೊಕದ್ದಮೆಗೆ ಸರ್ಕಾರದ ಪೂರ್ವಾನುಮತಿ ಬೇಕು ಎಂಬ ಷರತ್ತುಗಳೂ ಅದರಲ್ಲಿದ್ದವು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಿತು. ಮಸೂದೆ ಕಾಯ್ದೆಯಾಗದೆ ಬಿದ್ದುಹೋಯಿತು. ಕಾನೂನು ಆಯೋಗ 2017ರ ತನ್ನ 273ನೆಯ ವರದಿಯಲ್ಲಿ ಒಪ್ಪಂದವನ್ನು ಸ್ಥಿರೀಕರಿಸಬೇಕೆಂದು ಶಿಫಾರಸು ಮಾಡಿತು. ಕಾಯ್ದೆ ತರುವಂತೆ ಸಂಸತ್ತಿಗೆ ತಾನು ನಿರ್ದೇಶನ ಕೊಡಲಾಗದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಪೂರ್ವಾನುಮತಿಯ ಷರತ್ತು ನನಗೆ ವ್ಯಾಖ್ಯೆಗಿಂತಲೂ ಅಪಾಯಕಾರಿಯಾಗಿ ಕಾಣುತ್ತದೆ. ತಪ್ಪೊಪ್ಪಿಗೆಗಾಗಿ ಗಾಯಗೊಳಿಸುವುದು ಅಪರಾಧ ಎಂದು ದಂಡಸಂಹಿತೆ 1860ರಿಂದಲೂ ಹೇಳುತ್ತಾ ಬಂದಿದೆ; ಏಳು ವರ್ಷ, ಹತ್ತು ವರ್ಷಗಳ ಶಿಕ್ಷೆಯೂ ಇದೆ. ಆದರೆ ಸರ್ಕಾರದ ಅನುಮತಿಯಿಲ್ಲದೆ ತೆಗೆದುಹಾಕಲಾಗದ ಅಧಿಕಾರಿ ಕರ್ತವ್ಯ ನಿರ್ವಹಣೆಯ ಸಂದರ್ಭದಲ್ಲಿ ಮಾಡಿದ ಕೃತ್ಯಕ್ಕೆ ಸರ್ಕಾರದ ಅನುಮತಿಯಿಲ್ಲದೆ ಮೊಕದ್ದಮೆ ನಡೆಸುವಂತಿಲ್ಲ ಎಂದು ದಂಡಪ್ರಕ್ರಿಯಾ ಸಂಹಿತೆಯ 197ನೆಯ ಕಲಮು ಹೇಳುತ್ತಿತ್ತು, ಈಗಿನ ಸಂಹಿತೆಯೂ ಹೇಳುತ್ತದೆ. 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ ಆರನೆಯ ಕಲಮಿನಲ್ಲಿ ಇದೇ ರಕ್ಷಣೆ ಸೈನಿಕರಿಗಿದೆ, ಕರ್ನಾಟಕ ಪೊಲೀಸ್ ಕಾಯ್ದೆಯ 170ನೆಯ ಕಲಮಿನಲ್ಲಿ ಪೊಲೀಸರಿಗಿದೆ. ಚಿತ್ರಹಿಂಸೆ ಕರ್ತವ್ಯದ ಭಾಗವಾಗಲಾರದು ಎಂದು ಹೇಳಿದ ತೀರ್ಪುಗಳಿವೆ. ಅಧಿಕಾರವನ್ನು ಮೀರಿ ನಡೆದುಕೊಂಡರೂ ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸವಾದ ಸಂಬಂಧವಿದ್ದರೆ ಅನುಮತಿ ಬೇಕೇ ಬೇಕು ಎಂದ ತೀರ್ಪುಗಳೂ ಇವೆ. ದೂರುದಾರ ತನಗಾದ ನೋವನ್ನು ಸಾಬೀತುಪಡಿಸುವ ಮೊದಲು, ನೋಯಿಸಿದವನ ಇಲಾಖೆಯ ಬಾಗಿಲಲ್ಲಿ ಅನುಮತಿಗಾಗಿ ಕಾಯಬೇಕಾಗುತ್ತದೆ. 1995ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ವಿಮಾನದಿಂದ ಶಸ್ತ್ರಾಸ್ತ್ರ ಉದುರಿಸಿದ ಪ್ರಕರಣದ ಆರೋಪಿಯನ್ನು ಒಪ್ಪಿಸುವಂತೆ ಭಾರತ ಕೇಳಿದಾಗ, ಚಿತ್ರಹಿಂಸೆಯ ಅಪಾಯವಿದೆ ಎಂಬ ಕಾರಣಕ್ಕೆ ಡೆನ್ಮಾರ್ಕಿನ ನ್ಯಾಯಾಲಯ 2011ರಲ್ಲಿ ನಿರಾಕರಿಸಿತು. ಆಗ ನಮ್ಮಲ್ಲಿ ವ್ಯಕ್ತವಾದ ಸಿಟ್ಟು ಅರ್ಥವಾಗುವಂಥದ್ದೇ, ಆದರೆ ಆ ನ್ಯಾಯಾಲಯದ ಅನುಮಾನಕ್ಕೆ ಉತ್ತರವಾಗಿ ತೋರಿಸಲು ನಮ್ಮ ಬಳಿ ಕಾಯ್ದೆಯಿರಲಿಲ್ಲ.

ಅಮೆರಿಕದಲ್ಲಿ ಇಂಥ ಅನುಮತಿಯ ಪಾತ್ರವನ್ನು ವಕೀಲರ ಸಲಹೆಯೇ ವಹಿಸಿತು. ಕಾನೂನು ಸಲಹೆಯನ್ನು ನಂಬಿ ಸದ್ಭಾವನೆಯಿಂದ ನಡೆದುಕೊಂಡವರಿಗೆ 2005ರ ಕಾಯ್ದೆ ರಕ್ಷಣೆ ಕೊಟ್ಟಿತು. 2009ರಲ್ಲಿ ಅಧ್ಯಕ್ಷ ಒಬಾಮ ಈ ವಿಧಾನಗಳನ್ನು ನಿಲ್ಲಿಸಿದರು. ಅದೇ ವರ್ಷ, ಸಲಹೆಯನ್ನು ನಂಬಿ ನಡೆದವರ ಮೇಲೆ ಮೊಕದ್ದಮೆ ಇಲ್ಲ ಎಂದೂ ಪ್ರಕಟಿಸಿದರು. ಹಾಗಾದರೆ ಸಲಹೆ ಕೊಟ್ಟವರು? ಟಿಪ್ಪಣಿಗಳನ್ನು ಬಹುಪಾಲು ರಚಿಸಿದ ಜಾನ್ ಯೂ ಮತ್ತು ಸಹಿ ಹಾಕಿದ ಬೈಬಿ ವೃತ್ತಿಧರ್ಮವನ್ನು ಮೀರಿದ್ದಾರೆ ಎಂದು ನ್ಯಾಯ ಇಲಾಖೆಯದೇ ತನಿಖಾ ವಿಭಾಗ ಹೇಳಿತ್ತು. 2010ರಲ್ಲಿ ಹಿರಿಯ ಅಧಿಕಾರಿಯೊಬ್ಬರು ಅದನ್ನು ತಳ್ಳಿಹಾಕಿ, ಅದು ಕೇವಲ ವಿವೇಚನೆಯ ಕೊರತೆ ಎಂದರು. ಬೈಬಿ ಅಷ್ಟರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು. ಮಾಡಿದವನು ವಕೀಲರನ್ನು ನಂಬಿದ್ದ, ವಕೀಲರು ಅಭಿಪ್ರಾಯವನ್ನಷ್ಟೇ ಕೊಟ್ಟಿದ್ದರು. ಹೀಗೆ ಹೊಣೆ ಇಬ್ಬರ ನಡುವೆ ಕರಗಿಹೋಯಿತು. ಬೈಬಿ ಟಿಪ್ಪಣಿಯನ್ನು ಹಿಂತೆಗೆದುಕೊಂಡು 2004ರ ಡಿಸೆಂಬರ್‌ನಲ್ಲಿ ಹೊರಡಿಸಿದ ಹೊಸ ಟಿಪ್ಪಣಿ, ಚಿತ್ರಹಿಂಸೆ ಅಸಹ್ಯವಾದದ್ದು ಎಂಬ ಸಾಲಿನಿಂದ ಆರಂಭವಾಗುತ್ತದೆ. ಅದರ ಅಡಿಟಿಪ್ಪಣಿಯೊಂದರಲ್ಲಿ ಮಾತ್ರ, ಕೈದಿಗಳ ಬಗ್ಗೆ ಹಿಂದೆ ಕೊಟ್ಟ ಅಭಿಪ್ರಾಯಗಳ ತೀರ್ಮಾನಗಳು ಈ ಹೊಸ ಮಾನದಂಡದಿಂದಲೂ ಬದಲಾಗುವುದಿಲ್ಲ ಎಂದಿದೆ.

ಒಪ್ಪದವರೂ ಇದ್ದರು ಎಂಬುದನ್ನು ಹೇಳದಿದ್ದರೆ ನಾನು ಅನ್ಯಾಯ ಮಾಡಿದಂತೆ. ನೌಕಾಪಡೆಯ ಪ್ರಧಾನ ಕಾನೂನು ಸಲಹೆಗಾರ ಆಲ್ಬರ್ಟೊ ಮೋರಾ 2002ರ ಡಿಸೆಂಬರ್‌ನಿಂದಲೇ ಗ್ವಾಂಟನಾಮೊದ ವಿಧಾನಗಳನ್ನು ವಿರೋಧಿಸಿ ಮೇಲಿನವರೆಗೆ ಹೋದರು. ಸೇನೆಯ ಹಿರಿಯ ವಕೀಲರು ಲಿಖಿತವಾಗಿ ಆಕ್ಷೇಪಿಸಿದರು. 2006ರ ಜೂನ್‌ನಲ್ಲಿ ಗ್ವಾಂಟನಾಮೊದ ಕೈದಿ ಹಮ್ದಾನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಜಿನೀವಾ ಒಪ್ಪಂದಗಳ ಸಾಮಾನ್ಯ ಮೂರನೆಯ ವಿಧಿ ಈ ಕೈದಿಗಳಿಗೂ ಅನ್ವಯಿಸುತ್ತದೆ ಎಂ​ದಿತು. ಅದೇ ಕಾನೂನು, ಅದೇ ತರಬೇತಿ, ಅದೇ ಭಯದ ವಾತಾವರಣ ಇವರಿಗೂ ಇತ್ತು. ಆದ್ದರಿಂದ ಆ ಟಿಪ್ಪಣಿಗಳು ಕಾಲದ ಒತ್ತಡದಲ್ಲಿ ತಾವಾಗಿ ಹುಟ್ಟಿದವು ಎಂಬ ಮಾತನ್ನು ನಾನು ಒಪ್ಪಲಾರೆ.

ಮತ್ತು ಆ ಮೊಹರು ಎಲ್ಲ ಕಡೆಯೂ ಚಲಾವಣೆಯಾಗಲಿಲ್ಲ. 2000ದ ಅಕ್ಟೋಬರ್‌ನಲ್ಲಿ ಯೆಮೆನ್‌ನಲ್ಲಿ ಯುಎಸ್‌ಎಸ್ ಕೋಲ್ ಹಡಗಿನ ಮೇಲೆ ನಡೆದ ದಾಳಿಯಲ್ಲಿ 17 ನಾವಿಕರು ಸತ್ತರು. ಅದರ ರೂವಾರಿಯೆಂಬ ಆರೋಪ ಹೊತ್ತ ಅಬ್ದ್ ಅಲ್ ರಹೀಮ್ ಅಲ್ ನಶಿರಿ 2002ರಿಂದ ಸಿಐಎಯ ರಹಸ್ಯ ಬಂದೀಖಾನೆಗಳಲ್ಲಿದ್ದ, ಅವನ ಮೇಲೂ ನೀರಿನ ಪ್ರಯೋಗ ನಡೆದಿತ್ತು. 2006ರಲ್ಲಿ ಗ್ವಾಂಟನಾಮೊಗೆ ತಂದ ನಂತರ, 2007ರ ಆರಂಭದಲ್ಲಿ ಬೇರೆ ಅಧಿಕಾರಿಗಳು ಅವನನ್ನು ಹೊಡೆಯದೆ, ಬೈಯದೆ, ಸೌಜನ್ಯದಿಂದ ಪ್ರಶ್ನಿಸಿ ತಪ್ಪೊಪ್ಪಿಗೆ ಪಡೆದರು. ಹಿಂದಿನದೆಲ್ಲ ತೊಳೆದುಹೋಯಿತು, ಈ ಹೇಳಿಕೆ ಸ್ವಇಚ್ಛೆಯದು ಎಂಬುದು ಸರ್ಕಾರದ ವಾದವಾಗಿತ್ತು. ಆ ಕೊಠಡಿಯಲ್ಲಿ ಯಾರೂ ಅವನನ್ನು ಮುಟ್ಟದಿದ್ದರೂ ಅವನು ಮಾತನಾಡಿದ್ದು ನಾಲ್ಕು ವರ್ಷಗಳ ಯಾತನೆ ಕಲಿಸಿದ ಪಾಠದಿಂದ ಎಂದು 2023ರ ಆಗಸ್ಟ್‌ನಲ್ಲಿ ಸೇನಾ ನ್ಯಾಯಾಧೀಶರು ಆ ತಪ್ಪೊಪ್ಪಿಗೆಯನ್ನು ಸಾಕ್ಷ್ಯದಿಂದ ಹೊರಗಿಟ್ಟರು. ದಾಳಿ ನಡೆದು ಆಗ 23 ವರ್ಷ ತುಂಬುತ್ತ ಬಂದಿತ್ತು, ಸತ್ತ ನಾವಿಕರ ಕುಟುಂಬಗಳು ಕಾಯುತ್ತಿದ್ದ ಪೂರ್ಣ ವಿಚಾರಣೆ ಇನ್ನೂ ಆರಂಭವೇ ಆಗಿರಲಿಲ್ಲ.